ಮೂರು ಪ್ರಾರ್ಥನೆಯಷ್ಟು ಹತ್ತಿರ

ರೋಮ್ ನಗರದಲ್ಲಿ ನದಿಗೆ ಬೆನ್ನು ಮಾಡಿ ನಿಂತ ಮನೆಗಳ ಒಂದು ಬೀದಿಯಿತ್ತು. ಆ ಬೀದಿಯಲ್ಲಿ ತಾದ್ದೆಯೊ ಎಂಬ ಗುರು ತಾಮ್ರದ ತಗಡಿನ ಮೇಲೆ ಚಿತ್ರ ಮಾಡಿಕೊಂಡಿದ್ದ. ಮುನ್ನೂರೈವತ್ತು ವರ್ಷಕ್ಕೂ ಹಿಂದಿನ ಮಾತು.

ಅವನ ಚಿತ್ರಗಳಲ್ಲಿ ಗದ್ದಲವಿರಲಿಲ್ಲ. ಒಂದು ಪಕ್ಕದಲ್ಲಿ ದೊಡ್ಡ ಮರ. ಬುಡದಲ್ಲಿ ಮುರಿದ ಕಂಬಗಳು, ಮೇಕೆಗಳು, ಒಬ್ಬ ಕುರುಬ. ನಡುವೆ ನೀರು. ನೀರಿನಾಚೆ ಬೆಟ್ಟ, ಬೆಟ್ಟದ ಮೇಲೆ ಸಂಜೆ.

ಕೆಲಸ ಹೀಗೆ. ತಗಡಿಗೆ ಮೇಣ ಬಳಿಯಬೇಕು. ಮೇಣದ ಮೇಲೆ ಸೂಜಿಯಿಂದ ಗೀರಬೇಕು. ತಗಡನ್ನು ಆಮ್ಲದಲ್ಲಿ ಮುಳುಗಿಸಬೇಕು. ಗೀರಿದ ಕಡೆ ಮಾತ್ರ ಆಮ್ಲ ತಾಮ್ರವನ್ನು ತಿನ್ನುತ್ತದೆ. ಮೇಣ ತೆಗೆದು, ಆ ಗೆರೆಗಳಿಗೆ ಮಸಿ ತುಂಬಿ, ಒದ್ದೆ ಕಾಗದ ಇಟ್ಟು ಒತ್ತಿದರೆ ಚಿತ್ರ.

ದೂರದಲ್ಲಿರುವುದನ್ನು ಆಮ್ಲ ಸ್ವಲ್ಪವೇ ತಿನ್ನಬೇಕು. ಬೇಗ ಹೊರಗೆ ತೆಗೆದು, ಅಷ್ಟು ಭಾಗವನ್ನು ಮೇಣದಿಂದ ಮುಚ್ಚಿ, ಉಳಿದದ್ದನ್ನು ಮತ್ತೆ ಮುಳುಗಿಸಬೇಕು. ಹೆಚ್ಚು ತಿನ್ನಿಸಿಕೊಂಡದ್ದು ಕಪ್ಪಾಗುತ್ತದೆ, ಹತ್ತಿರ ಬರುತ್ತದೆ.

ಹೊತ್ತನ್ನು ಪ್ರಾರ್ಥನೆ ಹೇಳಿ ಅಳೆಯುತ್ತಿದ್ದರು. ಆಚೆ ದಡಕ್ಕೆ ಒಂದು ಪ್ರಾರ್ಥನೆ. ನೀರಿಗೆ ಐದು. ಈಚೆಯ ಮರಕ್ಕೆ ಇಡೀ ಜಪಮಾಲೆ.

ಆ ಮನೆಯಲ್ಲಿ ಒಂದು ಕಟ್ಟಳೆಯಿತ್ತು. ಹತ್ತಿರದ್ದನ್ನು ಶಿಷ್ಯ ಮಾಡಬೇಕು. ದೂರದ್ದನ್ನು ಗುರು ಮಾಡುತ್ತಾನೆ.

ಶಿಷ್ಯನ ಹೆಸರು ಯೋಸ್. ಉತ್ತರದ ಫ್ಲಾಂಡರ್ಸ್ ನಾಡಿನಿಂದ ನಡೆದು ಬಂದವನು. ಒಂಬತ್ತು ವರ್ಷದಿಂದ ಅವನು ಎಲೆ, ಬಂಡೆ, ಮೇಕೆಗಳನ್ನು ಗೀರುತ್ತಿದ್ದ.

ಅಚ್ಚಿನ ಯಂತ್ರ ತಿರುಗಿಸುವವನು ಬಿಯಾಜೊ. ಗುರುವಿನ ವಯಸ್ಸಿನವನೇ. ಬೆಳಿಗ್ಗೆ ಯೋಸ್ ಒಳಗೆ ಬಂದ ಕೂಡಲೇ ಅವನು ಎದ್ದು ಬಗ್ಗಿ ನಮಸ್ಕರಿಸುತ್ತಿದ್ದ.

"ಮೇಕೆಗಳ ದೊರೆಗಳು ಬಂದರು. ಇವತ್ತು ಎಷ್ಟು ಹಾಲು ಕರೆದಿರಿ, ದೊರೆಗಳೇ?"

"ನಿನ್ನ ಗಡ್ಡ ನೋಡಿ ನಿನ್ನನ್ನೇ ಕರೆಯಬೇಕೆಂದಿದ್ದೇನೆ," ಎನ್ನುತ್ತಿದ್ದ ಯೋಸ್.

ನಗುತ್ತಿದ್ದ. ಆದರೆ ಆ ಮಾತು ಅವನಿಗೆ ಚುಚ್ಚುತ್ತಿತ್ತು. ದೂರವನ್ನು ಮಾಡದವನಿಗೆ ತಗಡಿನ ಮೇಲೆ ಹೆಸರಿಲ್ಲ. ಹೆಸರಿಲ್ಲದವನು ಊರಿಗೆ ಮರಳಿ ಹೋಗಿ ಏನೆಂದು ಹೇಳಿಕೊಳ್ಳಬೇಕು?

ಒಂದು ದಿನ ಅವನು ಗುರುವನ್ನು ಕೇಳಿದ.

"ಮಾಸ್ತ್ರೋ, ನನಗೆ ದೂರವನ್ನು ಯಾವಾಗ ಕೊಡುತ್ತೀರಿ?"

ಗುರು ಸೂಜಿ ಕೆಳಗಿಟ್ಟು ಎದ್ದ. ಅವನನ್ನು ನದಿಯ ಕಡೆಯ ಕಿಟಕಿಗೆ ಕರೆದೊಯ್ದ.

"ಆಚೆ ದಡದಲ್ಲಿ ಏನು ಕಾಣುತ್ತದೆ?"

"ಒಂದು ಮನೆ. ಹೆಂಗಸೊಬ್ಬಳು ಬಟ್ಟೆ ಒಣಹಾಕುತ್ತಿದ್ದಾಳೆ."

"ಎಷ್ಟು ಬಟ್ಟೆ?"

ಯೋಸ್‌ನ ಕಣ್ಣು ಚುರುಕು. "ಏಳು. ಒಂದಕ್ಕೆ ತೇಪೆ ಹಾಕಿದೆ."

"ಅವಳು ನಿನಗೆ ಏನಾಗಬೇಕು?"

"ಏನೂ ಆಗಬೇಕಿಲ್ಲ."

"ಹಾಗಾದರೆ ಮೇಕೆ ಮಾಡು," ಎಂದ ಗುರು.

ಯೋಸ್‌ಗೆ ಸಿಟ್ಟು ಬಂತು. "ನಾನು ಎರಡು ತಿಂಗಳು ನಡೆದು ಬಂದವನು. ಹಿಂದೆ ತಿರುಗಿ ನೋಡಿದರೆ ನನಗೂ ದೂರ ಕಾಣುತ್ತದೆ."

"ಅದು ದಾರಿ. ಬೇಕೆಂದರೆ ಮತ್ತೆ ನಡೆದು ಹೋಗಬಹುದು."

"ದೂರ ಎಂದರೆ?"

ಗುರು ಕಿಟಕಿ ಮುಚ್ಚಿದ. ಗಾಳಿಗೆ ಮೇಣದ ಮೇಲೆ ಧೂಳು ಕೂರುತ್ತದೆ ಎಂದ.

*

ಆ ಮನೆಯಲ್ಲಿ ಒಂದು ಹಳೆಯ ತಗಡಿತ್ತು. ಅದರ ಹೆಸರು 'ಸಂಜೆಯ ಬಂದರು'. ಗುರುವಿಗೆ ಹೆಸರು ತಂದದ್ದು ಅದೇ.

ಯೋಸ್ ಬರುವ ಹೊತ್ತಿಗಾಗಲೇ ಅದು ಸವೆದುಹೋಗಿತ್ತು. ತಾಮ್ರ ಮೆದು ಲೋಹ. ಪ್ರತಿ ಸಲ ಮಸಿ ಒರೆಸುವಾಗ, ಪ್ರತಿ ಸಲ ಉರುಳೆಯ ಕೆಳಗೆ ಹೋಗಿ ಬರುವಾಗ, ಗೆರೆ ಒಂದಿಷ್ಟು ಸಾಯುತ್ತದೆ. ಮೊದಲು ಸಾಯುವುದು ದೂರದ ಗೆರೆಗಳು. ಅವುಗಳಿಗೆ ಆಳವಿರುವುದಿಲ್ಲ.

ಈಗ ಆ ತಗಡಿನಿಂದ ಬರುವ ಪ್ರತಿಯಲ್ಲಿ ಮರವಿತ್ತು, ಕಂಬವಿತ್ತು, ಸ್ವಲ್ಪ ನೀರಿತ್ತು. ನೀರಿನಾಚೆ ಬಿಳಿ ಕಾಗದ.

ಕೊಳ್ಳುವವರು ಯಾರೂ ಇರಲಿಲ್ಲ. ಆದರೂ ಪ್ರತಿ ವರ್ಷ ದ್ರಾಕ್ಷಿ ಕೊಯ್ಯುವ ಕಾಲದಲ್ಲಿ ಒಂದು ವಾರ ಗುರು ಬೇರೆಲ್ಲ ಕೆಲಸ ನಿಲ್ಲಿಸುತ್ತಿದ್ದ. ಆ ತಗಡನ್ನು ಹೊರಗೆ ತೆಗೆಯುತ್ತಿದ್ದ. ಮಸಿಯನ್ನು ತಾನೇ ಹಚ್ಚಿ, ತಾನೇ ಅಂಗೈಯಿಂದ ಒರೆಸುತ್ತಿದ್ದ. ಅಗತ್ಯಕ್ಕಿಂತ ಹೆಚ್ಚು ಹೊತ್ತು ಒರೆಸುತ್ತಿದ್ದ. ಬಿಯಾಜೊ ಯಂತ್ರ ತಿರುಗಿಸುತ್ತಿದ್ದ. ಆ ಒಂದು ವಾರ ಅವನ ಬಾಯಿಂದ ತಮಾಷೆಯ ಮಾತು ಬರುತ್ತಿರಲಿಲ್ಲ.

ಬಂದ ಪ್ರತಿಗಳು ಅಟ್ಟಕ್ಕೆ ಹೋಗುತ್ತಿದ್ದವು. ಇಲಿಗಳು ತಿನ್ನುತ್ತಿದ್ದವು.

"ಮಾಸ್ತ್ರೋ," ಎಂದು ಯೋಸ್ ಒಮ್ಮೆ ಕೇಳಿದ್ದ, "ಇಷ್ಟೊಂದು ಒಳ್ಳೆಯ ಕಾಗದ. ಯಾರಿಗಾಗಿ ಇದು?"

"ಇಲಿಗಳಿಗೆ."

"ನಿಜ ಹೇಳಿ."

"ಇಲಿಗಳು ನಿಜವಲ್ಲವೇ?"

ಹೋದ ವರ್ಷ ವಾರದ ಕೊನೆಯ ದಿನ ಯೋಸ್ ಒಂದು ವಿಚಿತ್ರ ಕಂಡ. ಗುರು ತಗಡನ್ನು ತೊಳೆದು, ಕಣ್ಣು ಮುಚ್ಚಿ, ಬೆರಳ ತುದಿಯನ್ನು ಅದರ ಮೇಲೆ ನಿಧಾನವಾಗಿ ಆಡಿಸಿದ. ಒಂದೇ ಜಾಗದಲ್ಲಿ ಬೆರಳು ಮೂರು ನಾಲ್ಕು ಸಲ ಹೋಗಿ ಬಂತು. ಆಮೇಲೆ ಕಣ್ಣು ತೆರೆದು ಬಿಯಾಜೊನನ್ನು ನೋಡಿದ.

"ಇಲ್ಲ," ಎಂದ.

"ಇಲ್ಲವೇ?" ಎಂದ ಬಿಯಾಜೊ.

"ನೀನೇ ನೋಡು."

ಬಿಯಾಜೊ ಮಸಿ ಹಿಡಿದ ಬೆರಳನ್ನು ಅಂಗಿಗೆ ಒರೆಸಿಕೊಂಡು ಮುಟ್ಟಿ ನೋಡಿದ. ತಲೆಯಲ್ಲಾಡಿಸಿದ. ಇಬ್ಬರೂ ಆ ದಿನ ಮಧ್ಯಾಹ್ನವೇ ಅಂಗಡಿ ಮುಚ್ಚಿ ಹೋಗಿ ಕುಡಿದು ಬಂದರು.

ಯೋಸ್ ಇದನ್ನು ತನಗೆ ತಿಳಿದಂತೆ ಅರ್ಥ ಮಾಡಿಕೊಂಡ. ಮುದುಕನ ಮೇಲಾದ ಕೆಲಸ ಸತ್ತುಹೋಯಿತು, ದುಃಖಕ್ಕೆ ಕುಡಿದ ಎಂದುಕೊಂಡ.

*

ಈ ವರ್ಷ ಬೇಸಿಗೆಯಲ್ಲಿ ಗುರುವಿಗೆ ಕೀಲುನೋವು ಹೆಚ್ಚಾಯಿತು. ವೈದ್ಯ ಹೇಳಿದಂತೆ ಅವನು ವಿತೆರ್ಬೋದ ಬಿಸಿನೀರಿನ ಬುಗ್ಗೆಗಳಿಗೆ ಹೊರಟ. ಮೂರು ವಾರ.

ಹೋಗುವಾಗ ಯೋಸ್‌ಗೆ ಹೇಳಿದ್ದು ಇಷ್ಟೇ: "ಮೇಣ ಒಣಗಲು ಬಿಡಬೇಡ."

ಅವನು ಹೋದ ಎರಡನೇ ದಿನ ಚಿತ್ರದ ವ್ಯಾಪಾರಿ ಪಾಂಫಿಲೊ ಬಂದ. ದಪ್ಪ ಮನುಷ್ಯ. ಮೆಟ್ಟಿಲು ಹತ್ತಿ ಬಂದವನು ಮೊದಲು ಕೂತು ಸುಧಾರಿಸಿಕೊಂಡ. ಆಮೇಲೆ ಎರಡು ಹಲಗೆಗಳ ನಡುವಿನಿಂದ ಒಂದು ಕಾಗದ ತೆಗೆದ.

"ಇದನ್ನು ನೋಡಿದ್ದೀಯಾ?"

'ಸಂಜೆಯ ಬಂದರು'. ಆದರೆ ಯೋಸ್ ಅದನ್ನು ಎಂದೂ ನೋಡಿರಲಿಲ್ಲ.

"ತಗಡು ಹೊಸದಾಗಿದ್ದಾಗ ತೆಗೆದ ಮೊದಲ ಹನ್ನೆರಡರಲ್ಲಿ ಒಂದು," ಎಂದ ಪಾಂಫಿಲೊ. "ಸತ್ತ ಪಾದ್ರಿಯೊಬ್ಬರ ಪೆಟ್ಟಿಗೆಯಲ್ಲಿ ಸಿಕ್ಕಿತು. ಉಸಿರು ಬಿಡಬೇಡ ಅದರ ಮೇಲೆ."

ನೀರಿನಾಚೆ ಬಿಳಿ ಕಾಗದವಿರಲಿಲ್ಲ. ಅಲ್ಲಿ ಬೆಟ್ಟವಿತ್ತು. ಬೆಟ್ಟದ ಬುಡದಲ್ಲಿ ಒಂದು ಚಿಕ್ಕ ಊರು, ಒಂದು ಗೋಪುರ, ಕಲ್ಲಿನ ಕಟ್ಟೆ. ಗೆರೆಗಳು ಎಷ್ಟು ತೆಳುವೆಂದರೆ ಬಿಸಿಲಿಗೇ ಹುಟ್ಟಿದಂತಿದ್ದವು.

ಕಟ್ಟೆಯ ತುದಿಯಲ್ಲಿ ಎಳ್ಳಿನಷ್ಟು ಚಿಕ್ಕ ಇಬ್ಬರು ನಿಂತಿದ್ದರು. ಒಬ್ಬ ಹೆಂಗಸು. ಅವಳ ಸೊಂಟದಷ್ಟು ಎತ್ತರದ ಒಂದು ಹುಡುಗಿ. ಹೆಂಗಸು ಒಂದು ಕೈ ಎತ್ತಿದ್ದಳು. ಹುಡುಗಿ ಎರಡೂ ಕೈ ಎತ್ತಿದ್ದಳು.

ಯೋಸ್ ಕಾಗದದ ಮೇಲೆ ಬಗ್ಗಿದ.

"ಯಾರಿವರು?"

"ಯಾರಾದರೇನು? ಹಡಗು ಬರುತ್ತಿದೆ, ಮನೆಯವನು ಬರುತ್ತಿದ್ದಾನೆ, ಕೈ ಬೀಸುತ್ತಿದ್ದಾರೆ. ಇದನ್ನು ನೋಡಿದವರೆಲ್ಲ ಒಂದೇ ಮಾತು ಹೇಳುತ್ತಾರೆ. ಎಂಥ ಶಾಂತಿ! ನನ್ನ ಹೆಂಡತಿ ನನಗೆ ಹೀಗೆ ಒಂದು ದಿನವೂ ಕೈ ಬೀಸಿಲ್ಲ."

"ನಿಮಗೇನು ಬೇಕು ಈಗ?"

"ಇಂಥವು ಐವತ್ತು. ಹೊರದೇಶದ ಒಬ್ಬ ದೊಡ್ಡ ಮನುಷ್ಯರು ಕೇಳಿದ್ದಾರೆ. ನಿನ್ನ ಗುರುವನ್ನು ಎಷ್ಟೋ ಸಲ ಕೇಳಿದೆ, ಆ ದೂರವನ್ನು ಮತ್ತೆ ಗೀರಿ ಕೊಡಿ ಎಂದು. ಕಣ್ಣು ಮಂಜಾಗಿದೆ ಎನ್ನುತ್ತಾನೆ. ಆಗಿರಬಹುದು. ನಿನ್ನ ಕಣ್ಣು ಹೇಗಿದೆ?"

ಯೋಸ್ ಕಾಗದದಿಂದ ತಲೆ ಎತ್ತಲಿಲ್ಲ.

"ದೂರವನ್ನು ಗುರುಗಳೇ ಮಾಡಬೇಕು. ಕಟ್ಟಳೆ."

"ಗುರುವೇ ಮಾಡಿದ್ದಾನಲ್ಲ. ನೀನು ಅದರ ಮೇಲೆ ನಡೆದರೆ ಸಾಕು. ಅವನ ಕೈ ನಿನಗೆ ಗೊತ್ತಿರುವಷ್ಟು ಇನ್ನಾರಿಗೆ ಗೊತ್ತು?" ಪಾಂಫಿಲೊ ಎದ್ದು ನಿಂತ. "ಕೆಳಗೆ ನಿನ್ನ ಹೆಸರೂ ಇರಲಿ. ಚಿಕ್ಕದಾಗಿ. ಮುದುಕ ಬಂದು ನೋಡಿದರೆ ಅಳುತ್ತಾನೆ ನೋಡು, ಸಂತೋಷಕ್ಕೆ."

ಕಾಗದವನ್ನು ಬಿಟ್ಟು ಹೋದ.

ಮೂಲೆಯಲ್ಲಿ ಬಟ್ಟೆ ಒಗೆಯುತ್ತಿದ್ದ ಬಿಯಾಜೊ ಎಲ್ಲವನ್ನೂ ಕೇಳಿಸಿಕೊಂಡಿದ್ದ.

"ಮುಟ್ಟಬೇಡ," ಎಂದ.

"ಏಕೆ?"

"ಹೇಳಿದೆನಲ್ಲ, ಮುಟ್ಟಬೇಡ."

"ಕಾರಣ ಹೇಳು, ಬಿಯಾಜೊ. ಕಾರಣ ಸರಿಯಾಗಿದ್ದರೆ ಮುಟ್ಟುವುದಿಲ್ಲ."

ಬಿಯಾಜೊ ಬಟ್ಟೆ ಹಿಂಡಿದ.  

"ಅದು ನನ್ನ ಮಾತಲ್ಲ. ಅವನದು. ಅವನು ಬರಲಿ, ಕೇಳು."

"ಅವರು ಬಂದರೆ 'ಮೇಕೆ ಮಾಡು' ಎನ್ನುತ್ತಾರೆ."

"ಮಾಡು. ಮೇಕೆಗೇನಾಗಿದೆ? ಮೇಕೆ ಯಾರ ಎದೆಗೂ ಹಾಯುವುದಿಲ್ಲ."

"ಇಪ್ಪತ್ತು ವರ್ಷದಿಂದ ಯಂತ್ರ ತಿರುಗಿಸುತ್ತಿರುವವನು ನೀನು," ಎಂದ ಯೋಸ್. "ಇನ್ನೊಬ್ಬ ಮೇಲೆ ಬರುವುದು ನಿನಗೆ ಬೇಡ."

ಬಿಯಾಜೊ ಅವನನ್ನು ದಿಟ್ಟಿಸಿ ನೋಡಿದ. ಸಿಟ್ಟಾಗಲಿಲ್ಲ. ಹಿಂಡಿದ ಬಟ್ಟೆಯನ್ನೇ ಮತ್ತೆ ಹಿಂಡಿದ.

*

ಯೋಸ್ ಹನ್ನೊಂದು ದಿನ ಕೆಲಸ ಮಾಡಿದ.

ಎಣ್ಣೆ ಹಚ್ಚಿದ ತೆಳು ಕಾಗದವನ್ನು ಆ ಹಳೆಯ ಪ್ರತಿಯ ಮೇಲಿಟ್ಟು ದೂರವನ್ನು ತಿದ್ದಿಕೊಂಡ. ಆ ಸವೆದ ಹಳೆಯ ತಗಡಿಗೇ ಮೇಣ ಬಳಿದ. ಕಾಗದವನ್ನು ಮಗುಚಿ ಅದರ ಮೇಲಿಟ್ಟ, ಏಕೆಂದರೆ ತಾಮ್ರದಲ್ಲಿ ಎಡಕ್ಕಿರುವುದು ಅಚ್ಚಿನಲ್ಲಿ ಬಲಕ್ಕೆ ಬರುತ್ತದೆ. ನಂತರ ಸೂಜಿ ಹಿಡಿದ.

ಬೆಟ್ಟ ಎರಡು ದಿನ. ಊರು ಮೂರು ದಿನ. ಗೋಪುರಕ್ಕೆ ಇಡೀ ಒಂದು ದಿನ. ಆ ಗೋಪುರದ ಒಂದು ಮೂಲೆ ಬಿದ್ದಿತ್ತು. ಅದನ್ನು ದಿನವೂ ನೋಡುತ್ತಿದ್ದವರು ಮಾತ್ರ ಅದನ್ನು ಹಾಗೆ ಗೀರಬಲ್ಲರು ಎಂದು ಯೋಸ್‌ಗೆ ಅನ್ನಿಸಿತು. ಆದರೆ ಅಲ್ಲಿ ನಿಲ್ಲಲಿಲ್ಲ.

ಹೆಂಗಸಿಗೂ ಹುಡುಗಿಗೂ ಉಳಿದ ದಿನಗಳೆಲ್ಲ ಹಿಡಿದವು.

ಒಂಬತ್ತು ವರ್ಷ ಎಲೆ ಗೀರಿದ ಕೈ. ಅದು ಈಗ ತಾನು ಯಾವುದಕ್ಕೆ ಸಿದ್ಧವಾಗಿತ್ತೆಂದು ತಿಳಿದುಕೊಂಡಿತು. ಹೆಂಗಸಿನ ಕೈಗೆ ನಾಲ್ಕೇ ಗೆರೆ. ಆ ನಾಲ್ಕು ಗೆರೆಯಲ್ಲಿ ಮಣಿಕಟ್ಟು ಬಾಗಿತು. ಹುಡುಗಿ ತುದಿಗಾಲಲ್ಲಿ ನಿಂತಳು.

ಆಮ್ಲದ ಹೊತ್ತು ಬಂತು. ಆಚೆ ದಡಕ್ಕೆ ಒಂದು ಪ್ರಾರ್ಥನೆ. ಅದು ಅವನಿಗೆ ಗೊತ್ತಿತ್ತು.

ತಗಡನ್ನು ಮುಳುಗಿಸಿದ. ಏಳುವ ಗುಳ್ಳೆಗಳನ್ನು ಕೋಳಿಯ ಗರಿಯಿಂದ ಸರಿಸುತ್ತ ಪ್ರಾರ್ಥನೆ ಹೇಳಿದ. ಒಂದು ಮುಗಿಯಿತು. ಬೆಟ್ಟವನ್ನೂ ಊರನ್ನೂ ಮೇಣದಿಂದ ಮುಚ್ಚಿದ.

ಆ ಇಬ್ಬರನ್ನು ಮುಚ್ಚಲಿಲ್ಲ.

ಒಂದೇ ಪ್ರಾರ್ಥನೆಯಾದರೆ ಇವರು ಮತ್ತೆ ಸವೆದುಹೋಗುತ್ತಾರೆ ಎಂದು ಯೋಚಿಸಿದ. ಇಷ್ಟು ಚೆಂದದವರು ಎರಡನೇ ಸಲ ಅಳಿಯಬಾರದು. ಎರಡನೇ ಪ್ರಾರ್ಥನೆ ಹೇಳಿದ. ಮೂರನೆಯದನ್ನೂ ಹೇಳಿದ.

ಅಚ್ಚು ತೆಗೆಯುವ ಹೊತ್ತಿಗೆ ಬಿಯಾಜೊ ಕೈ ಕಟ್ಟಿ ನಿಂತ.

"ನಾನು ತಿರುಗಿಸುವುದಿಲ್ಲ."

"ನಾನೇ ತಿರುಗಿಸುತ್ತೇನೆ."

"ತಿರುಗಿಸು. ಭಾರವಿದೆ."

"ಗೊತ್ತು."

"ಗೊತ್ತಿಲ್ಲ ನಿನಗೆ," ಎಂದು ಬಿಯಾಜೊ ಹೊರಗೆ ಹೋದ.

ಯೋಸ್ ಒಬ್ಬನೇ ಉರುಳೆ ತಿರುಗಿಸಿದ. ಕಂಬಳಿ ಸರಿಸಿ, ಕಾಗದದ ಮೂಲೆ ಹಿಡಿದು ಎತ್ತಿದ.

ಬೆಟ್ಟ ಬಂದಿತ್ತು. ಊರು ಬಂದಿತ್ತು. ಕಟ್ಟೆಯ ತುದಿಯಲ್ಲಿ ಇಬ್ಬರು ಆಚೆ ದಡದ ಎಲ್ಲದಕ್ಕಿಂತ ಕಪ್ಪಾಗಿ, ಎಲ್ಲದಕ್ಕಿಂತ ಸ್ಪಷ್ಟವಾಗಿ ನಿಂತಿದ್ದರು. ಕೋಣೆಯ ಯಾವ ಮೂಲೆಯಲ್ಲಿ ನಿಂತರೂ ಅವರು ಕಾಣುತ್ತಿದ್ದರು.

ಅವನು ಅಲ್ಲೇ ನೆಲದ ಮೇಲೆ ಕೂತ. ಅವನ ಬದುಕಿನಲ್ಲಿ ಅಷ್ಟು ಒಳ್ಳೆಯ ಕೆಲಸ ಅವನು ಮಾಡಿರಲಿಲ್ಲ. ಅದು ನಿಜವೂ ಆಗಿತ್ತು.

*

ಗುರು ಬಂದಾಗ ಬೆಳಿಗ್ಗೆ. ಬುಗ್ಗೆಯ ನೀರು ಅವನಿಗೆ ಒಳ್ಳೆಯದು ಮಾಡಿತ್ತು. ಮೆಟ್ಟಿಲನ್ನು ಕೋಲಿಲ್ಲದೆ ಹತ್ತಿ ಬಂದ.

"ಮೇಣ ಒಣಗಿತೇ?" ಎಂದು ಬಾಗಿಲಿನಿಂದಲೇ ಕೇಳಿದ. "ಅಲ್ಲಿಯ ನೀರು ಕೊಳೆತ ಮೊಟ್ಟೆಯ ವಾಸನೆ, ಬಿಯಾಜೊ. ನಿನ್ನ ನೆನಪು ದಿನವೂ ಬರುತ್ತಿತ್ತು."

ಬಿಯಾಜೊ ನಗಲಿಲ್ಲ. "ತಾದ್ದೆಯೊ, ಮೊದಲು ಕೂತುಕೋ," ಎಂದ.

ಆದರೆ ಯೋಸ್‌ಗೆ ತಡೆಯಲಾಗಲಿಲ್ಲ. ಕಿಟಕಿಗೆ ಎದುರಾಗಿ ಹಗ್ಗ ಕಟ್ಟಿ ಪ್ರತಿಯನ್ನು ನೇತುಹಾಕಿದ್ದ. ಅದರ ಮೇಲಿನ ಬಟ್ಟೆ ಸರಿಸಿದ.

"ಮಾಸ್ತ್ರೋ, ನೋಡಿ."

ಗುರು ನೋಡಿದ.

ಬೀದಿಯಲ್ಲಿ ಯಾರೋ ಕತ್ತೆಯನ್ನು ಬೈಯುತ್ತ ಹೋದರು. ಅವರ ದನಿ ದೂರವಾಗಿ ನಿಲ್ಲುವವರೆಗೂ ಗುರು ಅಲ್ಲಾಡಲಿಲ್ಲ. ಆಮೇಲೆ ಹತ್ತಿರ ಹೋದ. ಮತ್ತೆ ಹಿಂದೆ ಬಂದ. ಬಾಗಿಲಿನವರೆಗೂ ಹಿಂದೆ ಬಂದ. ಅಲ್ಲಿಂದಲೂ ನೋಡಿದ.

"ಇಲ್ಲಿಂದಲೂ ಕಾಣುತ್ತಾರೆ," ಎಂದ.

"ಹೌದು, ಮಾಸ್ತ್ರೋ."

"ಎಷ್ಟು ಹೊತ್ತು ಆಮ್ಲದಲ್ಲಿಟ್ಟೆ?"

"ಊರಿಗೂ ಬೆಟ್ಟಕ್ಕೂ ಒಂದು ಪ್ರಾರ್ಥನೆ."

"ಇವರಿಗೆ?"

"ಮೂರು. ಇನ್ನು ಸವೆಯಬಾರದೆಂದು."

"ಮೂರು," ಎಂದ ಗುರು.

ಅವನು ಕೂತ. ಬಿಯಾಜೊ ನೀರು ತಂದುಕೊಟ್ಟ. ಅವನು ಕುಡಿಯದೆ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ.

"ನೀನು ಹೇಳಲಿಲ್ಲವೇ?" ಎಂದು ಬಿಯಾಜೊನನ್ನು ಕೇಳಿದ.

"ಮುಟ್ಟಬೇಡ ಎಂದೆ. ಏಕೆಂದು ಹೇಳಲಿಲ್ಲ. ಹೇಳಬಾರದೆಂದು ನೀನೇ ಮಾತು ತೆಗೆದುಕೊಂಡಿದ್ದೆ."

"ಹೌದು. ತೆಗೆದುಕೊಂಡಿದ್ದೆ."

ಯೋಸ್ ಪ್ರತಿಯ ಹತ್ತಿರಕ್ಕೆ ಹೋದ. "ಏನಾಯಿತು? ಕೈ ತಪ್ಪಿದೆಯೇ? ಎಲ್ಲಿ?"

"ತಪ್ಪಿಲ್ಲ. ಅವಳ ಮಣಿಕಟ್ಟು ಹಾಗೇ ಇತ್ತು."

ಯೋಸ್‌ಗೆ ಆಗ ತಿಳಿಯತೊಡಗಿತು.

"ಯಾರಿಗೆ ಕೈ ಬೀಸುತ್ತಿದ್ದಾರೆ ಎಂದುಕೊಂಡೆ?" ಎಂದು ಗುರು ಕೇಳಿದ.

"ಬರುತ್ತಿರುವವರಿಗೆ."

"ಎಲ್ಲರೂ ಹಾಗೇ ಅಂದುಕೊಳ್ಳುತ್ತಾರೆ. ಅದಕ್ಕೇ ಅಷ್ಟು ಪ್ರತಿ ಹೋದವು." ಗುರು ಲೋಟ ಕೆಳಗಿಟ್ಟ. "ನಮ್ಮ ಊರಿಗೆ ಪ್ಲೇಗು ಬಂತು. ಬಂದರು ಮುಚ್ಚುವ ಮುಂಚೆ ಒಂದು ದೋಣಿ ಹೊರಟಿತು. ಇಲ್ಲಿನ ದೊಡ್ಡ ಪಾದ್ರಿಯೊಬ್ಬರು ನನ್ನನ್ನು ಕರೆಸಿದ್ದರು. ರೋಮ್‌ಗೆ ಬಿಡಲು ಅವರು ಕೊಟ್ಟ ಪತ್ರದಲ್ಲಿ ಒಂದೇ ಹೆಸರಿತ್ತು."

"ನೀವು ಹೊರಟಿರಿ."

"ನಿಮ್ಮನ್ನು ಆಮೇಲೆ ಕರೆಸಿಕೊಳ್ಳುತ್ತೇನೆ ಎಂದು ಹೆಂಡತಿಗೆ ಹೇಳಿದೆ. ಅವಳು ಆಗಲಿ ಎಂದಳು. ದೋಣಿ ಬಿಟ್ಟಿತು. ಅವರು ಕಟ್ಟೆಯ ತುದಿಗೆ ಓಡಿ ಬಂದು ಕೈ ಬೀಸಿದರು. ಬೆಳಕು ಬಹಳ ಚೆನ್ನಾಗಿತ್ತು." ಅವನು ತನ್ನ ಬಲಗೈಯನ್ನು ನೋಡಿಕೊಂಡ. "ನಾನು ತಿರುಗಿ ಬೀಸಲಿಲ್ಲ. ಕೈಯಲ್ಲಿ ಸೀಸದ ಕಡ್ಡಿಯಿತ್ತು. ಅವರ ಚಿತ್ರ ಬರೆದುಕೊಳ್ಳುತ್ತಿದ್ದೆ."

ಗುರು ಆ ಕೈಯನ್ನು ಮಡಿಲಲ್ಲಿಟ್ಟುಕೊಂಡ.

"ಮೂರನೇ ವಾರ ಸುದ್ದಿ ಬಂತು. ಮೊದಲು ಮಗು. ಆಮೇಲೆ ಅವಳು."

"ಮಾಸ್ತ್ರೋ—"

"ಮೊದಲ ಚಳಿಗಾಲ ನನ್ನ ಹತ್ತಿರ ಬೇರೆ ಚಿತ್ರವಿರಲಿಲ್ಲ. ಅದನ್ನೇ ತಗಡಿಗೆ ಹಾಕಿದೆ. ಜನ ಬಂದು 'ಎಂಥ ಶಾಂತಿ' ಎಂದರು. ಅದೇ ನನಗೆ ಅನ್ನ ಹಾಕಿತು. ಅಳಿಸಲು ಎಷ್ಟೋ ಸಲ ತಾಮ್ರ ಉಜ್ಜುವ ಉಕ್ಕಿನ ಒರೆ ಹಿಡಿದು ಕೂತೆ. ಎರಡು ಸಲ ಉಜ್ಜಿದರೆ ಸಾಕು, ಹೋಗುತ್ತಿದ್ದರು. ಆಗಲಿಲ್ಲ. ಒಂದು ಸಲ ಬಿಟ್ಟು ಬಂದವನು ಮತ್ತೆ ಉಜ್ಜಿ ಹಾಕುವುದೇ? ಆಗ ಬಿಯಾಜೊ ಹೇಳಿದ, ಅಚ್ಚು ತೆಗೆಯುತ್ತಿರು, ತಾವಾಗಿಯೇ ಹೋಗುತ್ತಾರೆ ಎಂದು."

ಬಿಯಾಜೊ ಕಿಟಕಿಯ ಕಡೆ ತಿರುಗಿ ನಿಂತಿದ್ದ.

"ಹದಿಮೂರು ವರ್ಷಕ್ಕೆ ಕಣ್ಣಿಗೆ ಕಾಣದಾದರು. ಆದರೂ ಬೆರಳಿಗೆ ಸಿಗುತ್ತಿದ್ದರು. ಇಪ್ಪತ್ತೆರಡನೇ ವರ್ಷ ಬೆರಳಿಗೂ ಸಿಗಲಿಲ್ಲ. ಅದು ಹೋದ ವರ್ಷ. ನೀನು ಇಲ್ಲೇ ಇದ್ದೆ."

ಯೋಸ್ ಎದ್ದು ಯಂತ್ರದ ಬಳಿ ಹೋಗಿ ತಗಡನ್ನು ಎತ್ತಿಕೊಂಡ. ಗೋಡೆಯಿಂದ ಉಕ್ಕಿನ ಒರೆ ತೆಗೆದ. 

"ಈಗಲೇ ಅಳಿಸುತ್ತೇನೆ. ಒಂದು ಗಳಿಗೆಯ ಕೆಲಸ. ನೀವು ಆ ಕಡೆ ತಿರುಗಿ."

"ಅಳಿಸು."

ಯೋಸ್ ತಗಡಿನ ಮೇಲೆ ಬಗ್ಗಿದ. ಒರೆಯನ್ನು ಕಟ್ಟೆಯ ತುದಿಗೆ ಇಟ್ಟ. ಹುಡುಗಿ ತುದಿಗಾಲಲ್ಲಿ ನಿಂತಿದ್ದಳು.

ಬಿಯಾಜೊ ಕಾದ. ಗುರು ಕಾದ.

ಯೋಸ್ ಒರೆಯನ್ನು ಕೆಳಗಿಟ್ಟ.

"ಆಗುವುದಿಲ್ಲ," ಎಂದ.

"ಇಲ್ಲ. ಆಗುವುದಿಲ್ಲ."

"ನನ್ನನ್ನು ಹೊಡೆಯಿರಿ. ಊರಿಗೆ ಕಳಿಸಿಬಿಡಿ. ಪಾಂಫಿಲೊಗೆ ಒಂದೂ ಕೊಡುವುದಿಲ್ಲ. ತಗಡನ್ನು ನದಿಗೆ ಎಸೆಯುತ್ತೇನೆ."

"ಎಸೆದರೆ ಅವರು ನೀರಿನಡಿಯಲ್ಲಿ ನಿಂತು ಕೈ ಬೀಸುತ್ತಾರೆ. ಆಮ್ಲ ಮೂರು ಪ್ರಾರ್ಥನೆಯಷ್ಟು ತಿಂದಿದೆ." ಗುರು ಎದ್ದ. ಮೇಜಿನಿಂದ ಚಿಕ್ಕ ಉಳಿಯನ್ನು ತೆಗೆದು ಶಿಷ್ಯನ ಮುಂದೆ ಇಟ್ಟ. "ಹೆಸರು ಬರೆ."

"ಏನು?"

"ಒಂಬತ್ತು ವರ್ಷ ಕೇಳಿದೆಯಲ್ಲ. ಕೆಳಗೆ ಜಾಗವಿದೆ. ನಿನ್ನ ಹೆಸರು ಬರೆ. ನನ್ನದನ್ನು ಉಜ್ಜಿ ಹಾಕು. ಅದು ನಿನ್ನ ಕೈಲಾಗುತ್ತದೆ."

"ಬೇಡ, ಮಾಸ್ತ್ರೋ."

"ಇದು ಈಗ ನನ್ನ ತಗಡಲ್ಲ. ನನ್ನದರಲ್ಲಿ ಆಚೆ ದಡ ಇರಲಿಲ್ಲ."

ಯೋಸ್ ಬಿಯಾಜೊನ ಕಡೆ ನೋಡಿದ. ಬಿಯಾಜೊ ನೆಲ ನೋಡಿದ.

ಯೋಸ್ ಒರೆ ಹಿಡಿದ. ಮೊದಲು ಗುರುವಿನ ಹೆಸರನ್ನು ಉಜ್ಜಿದ. ಅದು ಬೇಗ ಹೋಯಿತು. ಆಮೇಲೆ ಉಳಿ ಹಿಡಿದು ಆ ಜಾಗದಲ್ಲಿ ತನ್ನ ಹೆಸರನ್ನು ಬಲದಿಂದ ಎಡಕ್ಕೆ, ಅಕ್ಷರ ತಿರುಗಿಸಿ ಬರೆದ. ಅವನ ನಾಡಿನ ಲಿಪಿಯಲ್ಲಿ ನಾಲ್ಕೇ ಅಕ್ಷರದ ಹೆಸರು. ಅದಕ್ಕೆ ಅರ್ಧ ಗಂಟೆ ಹಿಡಿಯಿತು.

ಅಷ್ಟರಲ್ಲಿ ಗುರು ತನ್ನ ಸೂಜಿಗಳನ್ನು ಬಟ್ಟೆಯಲ್ಲಿ ಸುತ್ತಿಕೊಂಡಿದ್ದ. ತೆಗೆದಿಡದ ಪ್ರಯಾಣದ ಚೀಲ ಬಾಗಿಲಲ್ಲೇ ಇತ್ತು. ಅದನ್ನು ಹೆಗಲಿಗೆ ಏರಿಸಿದ.

"ಎಲ್ಲಿಗೆ?" ಎಂದ ಬಿಯಾಜೊ.

"ನೋಡೋಣ. ಈ ಗೋಡೆಗಳ ಒಳಗೆ ಇನ್ನು ಆಗುವುದಿಲ್ಲ."

"ನಾನೂ ಬರುತ್ತೇನೆ."

"ನಿನ್ನ ಗೊರಕೆಗೆ ನಾನು ಬೇರೆ ಊರನ್ನೇ ಹುಡುಕಬೇಕು," ಎಂದ ಗುರು. ಆದರೆ ಬೇಡ ಎನ್ನಲಿಲ್ಲ. ಬಿಯಾಜೊ ಟೋಪಿ ಹುಡುಕತೊಡಗಿದ.

ಯೋಸ್ ಬಾಗಿಲಿಗೆ ಓಡಿ ಬಂದ. ಅವನ ಕೈ ತುಂಬ ತಾಮ್ರದ ಪುಡಿ.

"ಮಾಸ್ತ್ರೋ, ಹೀಗೆ ಬಿಟ್ಟು ಹೋಗಬೇಡಿ. ಇವರನ್ನು ಇಟ್ಟುಕೊಂಡು ನಾನು ಏನು ಮಾಡಲಿ?"

ಗುರು ಎರಡು ಮೆಟ್ಟಿಲು ಇಳಿದಿದ್ದ. ನಿಂತ. ಹಿಂದೆ ತಿರುಗಲಿಲ್ಲ.

"ನಾನು ಇಪ್ಪತ್ತೆರಡು ವರ್ಷ ನಡೆದು ಅವರನ್ನು ಕಳಿಸಿ ಬಂದಿದ್ದೆ. ಮತ್ತೆ ಕರೆದವನು ನೀನು. ಊಟ ನೀನೇ ಹಾಕು."